ನೆಲನೆಲ್ಲಿಯ ಬೆನ್ನು ತಿರುವಿ ನೋಡುವ ಸಾವಂತ್ರವ್ವ

ಖಾನಾಪುರ ತಾಲೂಕಿನ ಹಲಸಿಯ ಗದ್ದೆಗಳ ಮೇಲೆ ಬಿಸಿಲು ಇನ್ನೂ ಬಿದ್ದಿಲ್ಲ. ಸಾವಂತ್ರವ್ವ ಮಾತ್ರ ಆಗಲೇ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಪಾದ ಕೆಸರಲ್ಲಿದೆ, ಬಾಯಲ್ಲಿ ಎಲೆ ಅಡಿಕೆ ಇದೆ. ಮುಂದೆ ಗೇಣುದ್ದದ ಹಸಿರು ಗಿಡಗಳು ಸಾಲಾಗಿ ನಿಂತಿವೆ. ಹುಣಸೆಯ ಎಲೆಯನ್ನು ಇನ್ನೂ ಸಣ್ಣದು ಮಾಡಿ ಅಂಟಿಸಿದ ಹಾಗೆ ಅವುಗಳ ಎಲೆ. ಆ ಎಲೆಗಳೆಲ್ಲ ಈಗ ಮಡಚಿಕೊಂಡಿವೆ.

"ಇನ್ನಾ ಮಲಗ್ಯಾವ ನೋಡ್ರಿ," ಅನ್ನುತ್ತಾಳೆ. "ಬಿಸಲ ಬಿದ್ದ ಮ್ಯಾಲೆ ಕಣ್ಣ ತೆರೀತಾವ. ನಮ್ಮ ಮನ್ಯಾಗೂ ಒಬ್ರು ಹಿಂಗ ಅದಾರ."

ಆ ಒಬ್ಬರು ಆಕೆಯ ಗಂಡ ಕರೆಪ್ಪ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಅಚ್ಚು ಕಟ್ಟಿ ಈಗ ಮನೆಯಲ್ಲಿ ಹಾಯಾಗಿ ನಿದ್ದೆ ಹೊಡೆಯುತ್ತಿರುವ ಮನುಷ್ಯ.

ಸಾವಂತ್ರವ್ವನಿಗೆ ಐವತ್ತೆಂಟು. ಒಂದು ಗಿಡವನ್ನು ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ತಲೆಕೆಳಗು ಮಾಡಿ ಹಿಡಿಯುತ್ತಾಳೆ. ಇಪ್ಪತ್ತೊಂದು ವರ್ಷದಿಂದ ಮಾಡುತ್ತ ಬಂದಿರುವುದು ಇದೇ ಕೆಲಸ. ಮೇಲಿನಿಂದ ನೋಡಿದರೆ ಗಿಡದಲ್ಲಿ ಬರೀ ಎಲೆ ಕಾಣುತ್ತದೆ. ಬೆನ್ನು ತಿರುವಿದರೆ ಒಂದೊಂದು ಎಲೆಯ ಬುಡಕ್ಕೂ ಸಾಸಿವೆಗಿಂತ ಚೂರು ದೊಡ್ಡದಾದ ಹಸಿರು ಕಾಯಿ, ಸಣ್ಣ ತೊಟ್ಟಿನಿಂದ ಜೋತು ಬಿದ್ದಿರುತ್ತದೆ.

"ಮಗೀನ ಬೆನ್ನಿಗೆ ಕಟಗೊಂಡು ಗದ್ದಿಗೆ ಬಂದಾಕಿ ಈಕಿ," ಎಂದು ಕಾಯಿಗಳ ಮೇಲೆ ಬೆರಳಾಡಿಸುತ್ತಾಳೆ. "ಮುಂದಿಂದ ನೋಡಿದವ್ರಿಗೆ ಮಗು ಕಾಣಂಗಿಲ್ಲ."

ಇದು ನೆಲನೆಲ್ಲಿ. ಖಾನಾಪುರದ ಅರ್ಧ ಜನ ಇದನ್ನು ಮರಾಠಿಯಲ್ಲಿ ಭುಯಿಆವಳಾ ಅನ್ನುತ್ತಾರೆ. ಕಾಮಣಿ, ಅಂದರೆ ಕಾಮಾಲೆ ಆದಾಗ ಇದನ್ನು ಅರೆದು ಮಜ್ಜಿಗೆಯಲ್ಲಿ ಕುಡಿಸುವ ರೂಢಿ ಈ ಸೀಮೆಯ ಮನೆಮನೆಯಲ್ಲೂ ಉಂಟು. ಅಂಗಡಿಯಲ್ಲಿ ಯಕೃತ್ತಿಗೆಂದು ಮಾರುವ ಹಲವು ಗುಳಿಗೆ, ಸಿರಪ್ಪುಗಳಲ್ಲೂ ಇದೇ ಗಿಡದ ಸಾರ ಇರುತ್ತದೆ. ಅಂಥ ಡಬ್ಬಿಗಳ ಮೇಲೆ ಒಬ್ಬ ಗಡ್ಡದ ಋಷಿಯ ಚಿತ್ರ ಹಾಕಿರುತ್ತಾರೆ. ಕೇಳಬೇಕು ಅನ್ನಿಸುತ್ತದೆ: ಆ ಋಷಿ ಯಾವ ಬದುವಿನ ಕೆಸರಲ್ಲಿ ಕುಕ್ಕರಗಾಲು ಹಾಕಿದ್ದ? ಎಷ್ಟು ಚೀಲ ಹಸನು ಮಾಡಿದ್ದ? ಡಬ್ಬಿಯ ನಾಲ್ಕೂ ಬದಿ ಓದಿ ನೋಡಿ. ಕಂಪನಿ ಹೆಸರಿದೆ, ಲೈಸೆನ್ಸ್ ನಂಬರಿದೆ, ಬೆಲೆಯಿದೆ, ಮಕ್ಕಳ ಕೈಗೆ ಸಿಗದಂತೆ ಇಡಿ ಎಂಬ ಬುದ್ಧಿಮಾತಿದೆ. ಗಿಡವನ್ನು ತಲೆಕೆಳಗು ಮಾಡಿ ಹಿಡಿದ ಕೈಯ ಹೆಸರು ಮಾತ್ರ ಇಲ್ಲ.

ಇರಲಿ. ಸಾವಂತ್ರವ್ವನಿಗೆ ಆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳಲು ಆಕೆಗೆ ಹೊತ್ತೂ ಇಲ್ಲ. ಬದುವಿನ ಆ ಕಡೆಯಿಂದ ಸಿದ್ದಪ್ಪ ಹೊರೆ ಹೊತ್ತು ಬರುತ್ತಿದ್ದಾನೆ.

ಸಿದ್ದಪ್ಪ ಎಪ್ಪತ್ತರ ಹತ್ತಿರದವನು. ಸುತ್ತಲಿನ ಊರುಗಳಿಂದ ನೆಲನೆಲ್ಲಿ ಕಿತ್ತು ತರುವ ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಬಾಯಿಬಡುಕ.

"ಏನ್ಬೇ ಸಾವಂತ್ರಿ, ಪರೀಕ್ಷಾ ಚಾಲೂ ಆತೇನ?"

"ಹೊರಿ ಇಳಸು ಮೊದ್ಲ. ಆಮ್ಯಾಲೆ ಪಾಸೋ ಫೇಲೋ ಹೇಳ್ತೀನಿ."

ಹೊರೆ ಬಿಚ್ಚಿ, ಹಿಡಿಹಿಡಿಯಾಗಿ ಎತ್ತಿ, ಬೆನ್ನು ತಿರುವಿ ನೋಡುತ್ತ ಹೋಗುತ್ತಾಳೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕಡ್ಡಿ ಹೊರಗೆ ಬೀಳುತ್ತದೆ. ಅದರ ದಂಟಿಗೆ ನಸುಗೆಂಪು ಬಣ್ಣ. ಕಾಯಿಗೆ ತೊಟ್ಟೇ ಇಲ್ಲ, ದಂಟಿಗೇ ಅಂಟಿಕೊಂಡು ಕುಳಿತಿದೆ. ಮೈ ಒರಟು.

"ಕೆಂಪಿನ್ನ ಯಾಕ ಕರಕೊಂಡ ಬಂದಿ ಅಣ್ಣಾ?"

"ನಾ ಎಲ್ಲಿ ಕರದೆ? ಗುಂಪಿನ್ಯಾಗ ತಾನ ಬಂದ್ಲ ಬಿಡ."

"ಹೌದ್ಹೌದು. ಮದುವಿ ಊಟಕ್ಕ ನೀ ಬರ್ತೀಯಲ್ಲ, ಹಂಗ."

ಸಿದ್ದಪ್ಪ ನಗುತ್ತಾನೆ. ಹೋದ ವರ್ಷ ಇದೇ ಹೊತ್ತಿಗೆ ಆತ ನಗುವುದನ್ನೇ ಬಿಟ್ಟಿದ್ದ. ಆ ಕತೆಗೆ ಆಮೇಲೆ ಬರೋಣ.

ಈ ಗಿಡಗಳ ಕುಲಕ್ಕೆ ವಿಜ್ಞಾನದವರು ಇಟ್ಟ ಹೆಸರು ಫಿಲ್ಯಾಂಥಸ್. ಎಲೆಯಲ್ಲೇ ಹೂವು ಬಿಡುವಂಥದ್ದು ಎಂಬ ಅರ್ಥದ ಗ್ರೀಕ್ ಮಾತಂತೆ. ಆ ಕುಲದಲ್ಲಿ ನೂರಾರು ಜಾತಿ. ಉಪ್ಪಿನಕಾಯಿಗೆ ಹಾಕುವ ಬೆಟ್ಟದ ನೆಲ್ಲಿಯೂ ಅದೇ ಮನೆತನದ್ದು. ನೆಲಕ್ಕಂಟಿ ಬೆಳೆಯುವ ಸಣ್ಣ ಗಿಡಗಳಲ್ಲಿ ಒಂದಕ್ಕೊಂದು ಅವಳಿಯಂತೆ ಕಾಣುವವೇ ನಾಲ್ಕಾರು. ಔಷಧದವರು ಹುಡುಕುವ ಫಿಲ್ಯಾಂಥಿನ್ ಎಂಬ ವಸ್ತು ಧಾರಾಳವಾಗಿ ಇರುವುದು ಹಸಿರು ದಂಟಿನ, ತೊಟ್ಟಿನ ಕಾಯಿಯ ಈ ಒಂದರಲ್ಲಿ. ಅದರ ಜೊತೆಗೇ ಹೈಪೋಫಿಲ್ಯಾಂಥಿನ್ ಎಂಬ ತಂಗಿಯೊಬ್ಬಳು. ಅಕ್ಕ ಕಹಿ, ತಂಗಿ ಕಹಿಯಲ್ಲ. ಕೆಂಪು ದಂಟಿನದರಲ್ಲಿ ಅಕ್ಕನೂ ಅಷ್ಟಕ್ಕಷ್ಟೆ, ತಂಗಿಯೂ ಅಷ್ಟಕ್ಕಷ್ಟೆ. ಯಕೃತ್ತಿಗೆ ಇದು ಒಳ್ಳೆಯದೆಂದು ಇಲಿಗಳ ಮೇಲೆ ಮಾಡಿದ ಪರೀಕ್ಷೆಗಳು ಹೇಳುತ್ತವೆ. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಒಮ್ಮೆ ಹೌದು ಅಂತ ಬಂದಿದೆ, ಒಮ್ಮೆ ಇಲ್ಲ ಅಂತ.

ಸಾವಂತ್ರವ್ವ ಇದನ್ನು ಇನ್ನೂ ಚೊಕ್ಕವಾಗಿ ಹೇಳುತ್ತಾಳೆ. ಕಣ್ಣು ಹಳದಿ ಮಾಡಿಕೊಂಡು ಗಿಡ ಕೇಳಲು ಬಂದವರಿಗೆಲ್ಲ ಒಂದೇ ಮಾತು: "ಮೊದ್ಲ ದವಾಖಾನಿಗೆ ಹೋಗಿ ರಕ್ತ ತಪಾಸ ಮಾಡಸ್ರಿ. ಕಾಮಣಿ ಯಾವುದರಿಂದ ಬಂತೋ ಏನೋ. ನನ್ನ ಕೈಯಾಗ ಗಿಡಾ ಐತಿ, ನಿಮ್ಮ ಹೊಟ್ಟಿಯೊಳಗ ನೋಡೂ ಕಣ್ಣಿಲ್ಲ."

ಆಕೆ ಸಾಲಿ ಕಲಿತದ್ದು ಎರಡನೇ ಇಯತ್ತೆಯವರೆಗೆ. ಅಪ್ಪನಿಗೆ ಕುರಿ ಕಾಯಲು ಒಬ್ಬರು ಬೇಕಾದರು, ಪಾಟಿ ಮನೆಯಲ್ಲಿ ಉಳಿಯಿತು, ಹುಡುಗಿ ಕುರಿಯ ಹಿಂದೆ ಹೋದಳು. ಸಾಲಿ ಬಿಟ್ಟವರನ್ನು ದಡ್ಡರೆಂದು ಬರೆದಿಡುವ ಒಂದು ರಿಜಿಸ್ಟರು ಈ ದೇಶದಲ್ಲಿ ಎಲ್ಲೋ ಇರಬೇಕು. ಅದನ್ನು ಬರೆಯುವವರು ಒಂದು ವಾರ ಕುರಿಯ ಹಿಂದೆ ಹೋಗಿ ಬರಲಿ. ಯಾವ ಎಲೆ ತಿಂದರೆ ಕುರಿ ಉಬ್ಬರಿಸುತ್ತದೆ, ಯಾವುದನ್ನು ಮೂಸಿ ಬಿಟ್ಟುಬಿಡುತ್ತದೆ, ಒಂದೇ ಥರ ಕಾಣುವ ಎರಡು ಗಿಡದಲ್ಲಿ ಯಾವುದನ್ನು ಆರಿಸುತ್ತದೆ ಎನ್ನುವುದನ್ನೆಲ್ಲ ಆ ಹುಡುಗಿ ಹತ್ತು ವರ್ಷ ತುಂಬುವ ಮೊದಲೇ ಕಲಿತಿದ್ದಳು. ಸರ್ಟಿಫಿಕೇಟ್ ಕೊಡಲು ಕುರಿಗೆ ಬರಲಿಲ್ಲ, ಅಷ್ಟೇ.

ಖಾನಾಪುರದ ಅಂಚಿನಲ್ಲಿ ಕೃಷ್ಣಾಜಿ ಎಂಬುವರದೊಂದು ತಗಡಿನ ಶೆಡ್ಡಿದೆ. ಗಿಡ ಒಣಗಿಸಿ, ಹಸನು ಮಾಡಿ, ಬೆಳಗಾವಿಯ ಕಂಪನಿಗೆ ಕಳಿಸುವ ಜಾಗ ಅದು. ಸಾವಂತ್ರವ್ವ ಸೇರಿ ಐವರು ಹೆಂಗಸರು ಅಲ್ಲಿ ಕೆಲಸ ಮಾಡುತ್ತಾರೆ. ಹಲಸಿಯಿಂದ ಎಂಟು ಗಂಟೆಯ ಬಸ್ಸು ಹಿಡಿದರೆ ಒಂಬತ್ತಕ್ಕೆ ಮೊದಲು ಶೆಡ್ಡಿನಲ್ಲಿ. ಮಳೆಗಾಲದ ಮೂರು ತಿಂಗಳು ದಿನಕ್ಕೆ ಎರಡು ನೂರು ಕಿಲೋ ಹಸಿ ಗಿಡ ಬರುತ್ತದೆ, ಒಣಗಿದರೆ ಐವತ್ತು ಉಳಿಯುತ್ತದೆ. ಒಬ್ಬೊಬ್ಬರು ದಿನಕ್ಕೆ ಹತ್ತು ಕಿಲೋ ಒಣ ಗಿಡದ ಬೆನ್ನು ತಿರುವಬೇಕು. ಒಂದು ಕಿಲೋದಲ್ಲಿ ಎಷ್ಟು ಗಿಡ? ಯಾರೂ ಎಣಿಸಿಲ್ಲ. "ಎಣಿಸ್ಕೋತ ಕುಂತ್ರ ತಿರುವೂದು ಯಾವಾಗ?" ಎಂಬುದು ಸಾವಂತ್ರವ್ವನ ಪ್ರಶ್ನೆ.

ಚೀಲ ತುಂಬಿ ಬಾಯಿ ಹೊಲಿದ ಮೇಲೆ ಆಕೆ ಅದಕ್ಕೊಂದು ಕೆಂಪು ದಾರದ ಗಂಟು ಹಾಕುತ್ತಾಳೆ. ಸಹಿ ಮಾಡುವವರಿಗೆ ಸಹಿ ಹೇಗೋ ಆಕೆಗೆ ಗಂಟು ಹಾಗೆ. ಕೆಂಪು ಗಂಟಿದೆ ಅಂದರೆ ಒಳಗಿರುವುದೆಲ್ಲ ತೊಟ್ಟಿನಾಕಿಯೇ, ಕೆಂಪಿ ಇಲ್ಲ. ಇಪ್ಪತ್ತು ವರ್ಷ ಆ ಗಂಟನ್ನು ಯಾರೂ ಪ್ರಶ್ನೆ ಮಾಡಿರಲಿಲ್ಲ.

ಹೋದ ವರ್ಷ ಗಣಪತಿ ನೀರಿಗೆ ಹೋದ ಮರುವಾರ ಒಂಬತ್ತು ಚೀಲ ವಾಪಸ್ ಬಂದವು.

ಟೆಂಪೋದಿಂದ ಇಳಿಸುವಾಗಲೇ ಸಾವಂತ್ರವ್ವ ಗಂಟುಗಳನ್ನು ನೋಡಿದಳು. ಎಲ್ಲ ಅವಳವೇ. ಪ್ರತಿ ಚೀಲದ ಮೇಲೂ ನೀಲಿ ಸುಣ್ಣಕಡ್ಡಿಯಲ್ಲಿ ಕಾಟು ಹೊಡೆದಿದ್ದರು. ಜೊತೆಗೊಂದು ಕಾಗದ. ಕೃಷ್ಣಾಜಿ ಕನ್ನಡಕ ಹಾಕಿಕೊಂಡು ಓದಿದರು: ಮಾಲಿನಲ್ಲಿ ಸತ್ವ ತೀರಾ ಕಮ್ಮಿ, ಬೇರೆ ಜಾತಿಯ ಗಿಡ ಬೆರೆಸಲಾಗಿದೆ, ಸೋಮವಾರದೊಳಗೆ ಸಮಜಾಯಿಷಿ ಕೊಡದಿದ್ದರೆ ಈ ಶೆಡ್ಡಿನಿಂದ ಖರೀದಿ ಬಂದ್.

ಸಾಲಿ ಕಲಿತವರು ಕುರ್ಚಿಯಲ್ಲಿ ಕುಳಿತು ಒಂದು ಸಾಲು ಬರೆಯುತ್ತಾರೆ. ಐದು ಹೆಂಗಸರು, ಗಿಡ ಕೀಳುವ ಹನ್ನೊಂದು ಜನ, ಒಟ್ಟು ಹದಿನಾರು ಮನೆಯ ಒಲೆಗೆ ಆ ಒಂದು ಸಾಲು ನೀರು ಹೊಯ್ಯುತ್ತದೆ. ಬರೆದವರಿಗೆ ಆ ಒಲೆ ಯಾವ ಊರಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ.

"ಕೀಳೂ ಮಂದೀನ ತುಂಬಿರಬೇಕು," ಎಂದರು ಕೃಷ್ಣಾಜಿ ತಗ್ಗಿದ ದನಿಯಲ್ಲಿ. "ಸಿದ್ದಪ್ಪಗ ವಯಸ್ಸಾತು ಸಾವಂತ್ರವ್ವಾ. ಕಣ್ಣ ಮಂದ. ನಾಳಿಂದ ಅವನ ಹೊರಿ ಬ್ಯಾಡ ಅನ್ನೂಣು, ಕಾಗದಾನೂ ಹಂಗ ಬರದು ಕಳಸೂಣು."

ಸಿದ್ದಪ್ಪ ಬಾಗಿಲ ಮೆಟ್ಟಿಲ ಮೇಲೇ ಕುಳಿತಿದ್ದ. ಕೇಳಿಸಿಕೊಂಡ. ತಿರುಗಿ ಚೇಷ್ಟೆ ಮಾಡಲಿಲ್ಲ. "ನಾ ಕೆಂಪಿನ್ನ ತುಂಬೀನಿ ಅಂತ ನಿನಗೂ ಅನಸ್ತೈತೇನ ತಂಗಿ?" ಎಂದಷ್ಟೇ ಕೇಳಿದ.

"ಅವ ಏನರ ತರಲಿ ಮಾಲಕ್ರ, ನನ್ನ ಕೈ ದಾಟಿ ಚೀಲಕ್ಕ ಹೋಗೂದು," ಎಂದಳು ಸಾವಂತ್ರವ್ವ. "ಗಂಟು ನಂದು. ತಪ್ಪಾಗಿದ್ರ ಅದೂ ನಂದ. ಸೋಮವಾರಕ್ಕ ಇನ್ನಾ ನಾಕ ದಿನಾ ಅದಾವ, ತಡೀರಿ."

ಎರಡು ದಿನ ಐವರೂ ಕೂಡಿ ಒಂಬತ್ತೂ ಚೀಲ ಸುರುವಿ ನೋಡಿದರು. ಆ ವರ್ಷ ಕಂಪನಿ ಹೊಸ ಕರಾರು ಹಾಕಿತ್ತು: ಇಡೀ ಗಿಡ ಬೇಡ, ಎರಡು ಬೆರಳುದ್ದ ಕತ್ತರಿಸಿ ಕೊಡಿ, ಮಣ್ಣುಧೂಳು ಒಂದಿಷ್ಟೂ ಇರಬಾರದು. ಹಾಗಾಗಿ ನೋಡಬೇಕಾದದ್ದು ತುಂಡುಗಳನ್ನು. ಆದರೂ ಕಾಯಿ ಇದ್ದಲ್ಲೆಲ್ಲ ತೊಟ್ಟಿತ್ತು, ದಂಟೆಲ್ಲ ಹಸಿರು. ಒಂದೇ ಒಂದು ಕೆಂಪು ಕಡ್ಡಿ ಸಿಗಲಿಲ್ಲ. ಹಾಗಾದರೆ ಕಂಪನಿಯ ಪರೀಕ್ಷೆ ಸುಳ್ಳೇ? ಅದಕ್ಕೂ ಆಕೆಯ ಮನಸ್ಸು ಒಪ್ಪಲಿಲ್ಲ. "ಅಲ್ಲಿ ಪರೀಕ್ಷಾ ಮಾಡೂ ಮಂದಿಗೆ ನನ್ನ ಮ್ಯಾಲೆ ಏನ್ ದ್ವೇಷ? ನನ್ನ ಮುಖಾನ ನೋಡಿಲ್ಲ ಅವ್ರು," ಎಂದು ಯೋಚನೆ ಮಾಡಿದ್ದನ್ನು ಈಗ ನೆನೆಯುತ್ತಾಳೆ.

ಉತ್ತರ ಸಿಕ್ಕಿದ್ದು ಶನಿವಾರ ಬೆಳಗಿನ ಚಹದಲ್ಲಿ.

ಸಾವಂತ್ರವ್ವ ನಸುಕಿನಲ್ಲೆದ್ದು ದನದ ಕೊಟ್ಟಿಗೆಗೆ ಹೊಗೆ ಹಾಕಿದ್ದಳು. ಮಳೆಗಾಲದ ಸೊಳ್ಳೆಗೆ ಕೆಂಡದ ಮೇಲೆ ಹೊಟ್ಟು ಸುರಿದು ಹೊಗೆ ಎಬ್ಬಿಸುವುದು ಈ ಕಡೆ ಎಲ್ಲರ ಮನೆಯ ಪದ್ಧತಿ. ಭತ್ತದ ಹೊಟ್ಟು ಮುಗಿದಿತ್ತು. ಶೆಡ್ಡಿನಲ್ಲಿ ನೆಲನೆಲ್ಲಿ ಹಸನು ಮಾಡಿದಾಗ ಹಾರಿದ ಹೊಟ್ಟನ್ನು ಹೆಂಗಸರು ಚೀಲದಲ್ಲಿ ತುಂಬಿ ಮನೆಗೆ ತಂದಿದ್ದರು. ಅದನ್ನೇ ಎರಡು ಬೊಗಸೆ ಹಾಕಿದಳು. ಕೈ ಸೀರೆಗೆ ಒರೆಸಿಕೊಂಡು ಒಳಗೆ ಬಂದು ಕುಳಿತಳು. ಸೊಸೆ ಮನಿಷಾ ಚಹದ ಕಪ್ಪು, ಬಸಿ ಮುಂದಿಟ್ಟಳು. ಸಾವಂತ್ರವ್ವ ಖಾರಿ ಬಿಸ್ಕಿಟು ಮುರಿದು ಚಹದಲ್ಲಿ ಅದ್ದಿ ಬಾಯಿಗಿಟ್ಟಳು.

"ಮನಿಷಾ! ಚಾಕ್ಕ ಏನ್ ಹಾಕಿ?"

"ಸಕ್ರಿ, ಚಾಪುಡಿ, ಹಾಲು. ಮತ್ತೇನ ಹಾಕ್ತಾರ್ರಿ ಅತ್ತಿ?"

"ಇಷ್ಟ ಕಹಿ ಯಾಕಾತು?"

"ಮಾವಾರು ಎರಡ ಕಪ್ ಕುಡದ ಮಲಗ್ಯಾರ. ಅವ್ರಿಗೆ ಕಹಿ ಆಗಿಲ್ಲ. ನೀವ ಬೆಳಗ್ಗೆದ್ದು ಯಾರ ಮುಖಾ ನೋಡಿರೋ ಏನೋ."

ಸಾವಂತ್ರವ್ವ ಬರೀ ಚಹ ಗುಟುಕರಿಸಿದಳು. ಸಿಹಿಯಾಗಿತ್ತು. ಖಾರಿ ಕಚ್ಚಿದಳು. ಕಹಿ. ಆಮೇಲೆ ತನ್ನ ಬೆರಳನ್ನೇ ನೆಕ್ಕಿದಳು. ನಾಲಿಗೆ ಹಿಂದಕ್ಕೆ ಸರಿಯಿತು. ಎದ್ದು ಕೊಟ್ಟಿಗೆಗೆ ಹೋಗಿ ಚೀಲದಿಂದ ಒಂದು ಚಿಟಿಕೆ ಹೊಟ್ಟು ತೆಗೆದು ಬಾಯಿಗೆ ಹಾಕಿಕೊಂಡಳು. ಶೆಡ್ಡಿನಿಂದ ತಂದ, ವಾಪಸ್ ಬಂದ ಮಾಲಿನ ಒಂದು ತುಂಡನ್ನೂ ಅಗಿದಳು. ತುಂಡು ಸಪ್ಪೆ, ಹುಲ್ಲು ಜಗಿದ ಹಾಗೆ. ಹೊಟ್ಟು ಕಡು ಕಹಿ.

ಅಲ್ಲೇ ಗೋಡೆಗೆ ಮೊರ ನೇತು ಹಾಕಿತ್ತು. ಅದನ್ನು ಕೆಳಗಿಳಿಸಿ ಕೈಯಲ್ಲಿ ಹಿಡಿದಳಂತೆ. ಮನಿಷಾ ಬಂದು, "ಅತ್ತಿ, ಏನಾತ್ರಿ?" ಎಂದರೆ, "ಕೆಟ್ಟೆ ನೋಡವಾ," ಎಂದಳಂತೆ.

ಆಗಿದ್ದು ಇಷ್ಟು. ಮಣ್ಣುಧೂಳು ಇರಬಾರದು ಎಂದು ಕಂಪನಿ ಹೇಳಿತು. ಹೇಗೆ ತೆಗೆಯುವುದು ಎಂದು ಹೇಳಲಿಲ್ಲ. ಶೆಡ್ಡಿನ ಹೆಂಗಸರೆಲ್ಲ ಭತ್ತದ ಸೀಮೆಯವರು, ಹುಟ್ಟಿದಾಗಿನಿಂದ ಮೊರ ಹಿಡಿದವರು. ಹಗುರಾದದ್ದು ಹಾರಬೇಕು, ತೂಕದ್ದು ಉಳಿಯಬೇಕು. ಅವರ ಕೈಗೆ ಗೊತ್ತಿದ್ದ ಹಸನು ಅದೊಂದೇ. ಸಾವಂತ್ರವ್ವನೇ ಮೊರ ತಂದು, ಕತ್ತರಿಸಿದ ಗಿಡವನ್ನು ಕೇರಿ ತೋರಿಸಿ, "ಹಿಂಗ ಕೇರ್ರಿ, ಧೂಳ ಹೋಗ್ತೈತಿ," ಎಂದು ಎಲ್ಲರಿಗೂ ಕಲಿಸಿದ್ದಳು. ಧೂಳು ಹೋಯಿತು. ಅದರ ಜೊತೆ ಒಣಗಿ ಉದುರಿದ ಆ ಪುಟ್ಟ ಎಲೆಗಳೂ ಹೊಟ್ಟಾಗಿ ಹಾರಿ ಹೋದವು. ಮೊರದಲ್ಲಿ ಉಳಿದದ್ದು ದಂಟು. ಒಂಬತ್ತು ಚೀಲ ಚೊಕ್ಕ ದಂಟು!

ಈಗ ಆಕೆಯ ಮುಂದೆ ಎರಡು ದಾರಿ ಇದ್ದವು. ಸುಮ್ಮನಿದ್ದರೆ ತಪ್ಪು ಸಿದ್ದಪ್ಪನ ಮಂದಗಣ್ಣಿನ ಮೇಲೆ ಹೋಗಿ ಕೂರುತ್ತಿತ್ತು, ಇಪ್ಪತ್ತು ವರ್ಷದ ಗಂಟಿನ ಮರ್ಯಾದೆ ಉಳಿಯುತ್ತಿತ್ತು. ಹೇಳಿದರೆ, ಮೊರ ಹಿಡಿದ ಕೈ ಯಾವುದು ಎಂಬುದನ್ನೂ ಹೇಳಬೇಕಾಗುತ್ತಿತ್ತು. ದೊಡ್ಡ ದೊಡ್ಡ ಕುರ್ಚಿಯವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂಬುದನ್ನು ನಾವೆಲ್ಲ ದಿನಾ ಪೇಪರಿನಲ್ಲಿ ಓದುತ್ತೇವೆ. ಸಾವಂತ್ರವ್ವ ಒಂದು ಕೈಚೀಲದಲ್ಲಿ ಹೊಟ್ಟು, ಇನ್ನೊಂದರಲ್ಲಿ ವಾಪಸ್ ಬಂದ ಮಾಲು ತುಂಬಿಕೊಂಡು ಬೆಳಗಾವಿ ಬಸ್ಸು ಹತ್ತಿದಳು. ಉದ್ಯಮಬಾಗದಲ್ಲಿ ಎಲ್ಲಿ ಇಳಿಯಬೇಕು ಎಂದು ಕರೆಪ್ಪ ಹಾಸಿಗೆಯಲ್ಲೇ ಮಲಗಿಕೊಂಡು ಹೇಳಿಕೊಟ್ಟಿದ್ದ.

ಗೇಟಿನಲ್ಲಿ ವಾಚಮನ್ ಗುರುಪುತ್ರಪ್ಪ ಅಡ್ಡ ಬಂದ.

"ಏನೈತಿ ಬೇ ಯವ್ವಾ ಚೀಲದಾಗ?"

"ಹೊಟ್ಟು."

"ಹೊಟ್ಟು ತುಗೊಂಡು ಕಂಪನಿಗೆ ಯಾಕ ಬಂದಿ? ಇಲ್ಲೇನ ಎಮ್ಮಿ ಕಟ್ಟೀವೇನ?"

"ನಿಮ್ಮ ಸಾಹೇಬ್ರು ನಮ್ಮ ಔಷಧ ಹೊಟ್ಟು ಅಂತ ವಾಪಸ್ ಕಳಸ್ಯಾರ. ಅದಕ್ಕ ಹೊಟ್ಟಿನ್ಯಾಗ ಔಷಧ ಐತೇನ ತೋರಸೂಣು ಅಂತ ಬಂದೀನಿ. ಚೂರ ತಿಂದ ನೋಡ."

ಆತ ತಿಂದ. ಥೂ ಎಂದು ಉಗುಳಿ, ನೀರು ಮುಕ್ಕಳಿಸಿ, ಮತ್ತೆ ಉಗುಳಿ, "ಒಳಗ ಹೋಗ, ಸಾಹೇಬ್ರಿಗೂ ತಿನಸು," ಎಂದು ಗೇಟು ತೆಗೆದ.

ಪ್ರಯೋಗಾಲಯದಲ್ಲಿ ಇದ್ದದ್ದು ಮುಗ್ಧಾ. ಇಪ್ಪತ್ತಾರರ ಹುಡುಗಿ, ಶಹಾಪುರದವಳು, ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ. ಆ ಕಾಗದಕ್ಕೆ ಆಧಾರವಾದ ಪರೀಕ್ಷೆ ಅವಳದೇ. ಕೆಂಪು ಗಂಟಿನ ಚೀಲದವಳು ಬಂದಿದ್ದಾಳೆ ಎಂದು ತಿಳಿದು ಮುಖ ಸಣ್ಣದು ಮಾಡಿಕೊಂಡಳು. ಖರೀದಿ ಸಾಹೇಬರೂ ಎದ್ದು ಬಂದು ಬಾಗಿಲಲ್ಲಿ ನಿಂತರು.

"ಮಾವಶಿ, ನಾನು ಸುಳ್ಳ ಬರದಿಲ್ರಿ," ಎಂದಳು ಮುಗ್ಧಾ ಮೊದಲೇ. ಮಾವಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ.

"ನೀ ಸುಳ್ಳ ಬರದಿ ಅಂತ ಯಾರಂದ್ರವಾ? ನೀನೂ ಕಣ್ಣೀಲೆ ನೋಡಿದಿ, ನಾನೂ ಕಣ್ಣೀಲೆ ನೋಡೀನಿ. ನಡುವ ಏನೋ ಹಾರಿ ಹೋಗೇತಿ. ಅದನ್ನ ತಂದೀನಿ." ಚೀಲ ಮೇಜಿನ ಮೇಲಿಟ್ಟಳು. "ಹಾರಿಸಿದಾಕೀನೂ ಬಂದೀನಿ. ಕೇರಿದ್ದು ನಾನ. ಉಳದವ್ರಿಗೆ ಕಲಿಸಿದಾಕೀನೂ ನಾನ. ಸಿದ್ದಪ್ಪಣ್ಣಂದು ಏನೂ ಇಲ್ಲ ಇದರಾಗ."

ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಮುಗ್ಧಾ ಅಷ್ಟರಲ್ಲಿ ಕೈಗವಸು ಹಾಕಿಕೊಂಡಾಗಿತ್ತು.

ಮೊದಲು ಸಾವಂತ್ರವ್ವ ಕಲಿಸಿದಳು. ಭೂತಗನ್ನಡಿಯ ಕೆಳಗೆ ತುಂಡುಗಳನ್ನಿಟ್ಟು, "ಬೆನ್ನ ನೋಡ, ತೊಟ್ಟ ಐತೋ ಇಲ್ಲೋ? ದಂಟಿನ ಬಣ್ಣಾ ನೋಡ," ಎಂದು ಒಂದೊಂದಾಗಿ ತೋರಿಸಿದಳು. ಅರ್ಧ ಗಂಟೆ ನೋಡಿದ ಮುಗ್ಧಾ ತಲೆ ಎತ್ತಿ, "ಖರೇ ಮಾವಶಿ, ಎಲ್ಲಾ ಒಂದ ಜಾತಿ," ಎಂದಳು.

ಆಮೇಲೆ ಮುಗ್ಧಾ ತೋರಿಸಿದಳು. ಅಂಗೈಯಗಲದ ಬಿಳಿ ತಗಡು. ಅದರ ಕೆಳ ಅಂಚಿನಲ್ಲಿ ಕೂದಲಿನಂಥ ಗಾಜಿನ ನಳಿಗೆಯಿಂದ ನಾಲ್ಕು ಚುಕ್ಕೆ ಇಟ್ಟಳು. ಒಂದು ಶುದ್ಧ ಫಿಲ್ಯಾಂಥಿನ್, ಒಂದು ವಾಪಸ್ ಬಂದ ಮಾಲಿನ ಸಾರ, ಒಂದು ಹೊಟ್ಟಿನ ಸಾರ, ಇನ್ನೊಂದು ಅವಳೇ ಎಲೆ ಬಿಡಿಸಿ ತೆಗೆದ ಬರೀ ದಂಟಿನದು. ತಗಡನ್ನು ಗಾಜಿನ ಡಬ್ಬಿಯೊಳಗೆ ದ್ರಾವಣದಲ್ಲಿ ನಿಲ್ಲಿಸಿದಳು. ಬತ್ತಿಗೆ ಎಣ್ಣೆ ಏರುವ ಹಾಗೆ ದ್ರಾವಣ ಮೆಲ್ಲಗೆ ಮೇಲೇರಿತು. ಹೊರಗೆ ತೆಗೆದು, ಒಣಗಿಸಿ, ಬಣ್ಣ ಬರಿಸುವ ರಾಸಾಯನಿಕ ಸಿಂಪಡಿಸಿ, ಬಿಸಿ ಪೆಟ್ಟಿಗೆಯಲ್ಲಿಟ್ಟಳು.

"ಏನೂ ಕಾಣವಲ್ದಲ್ಲವಾ."

"ತಡೀರಿ ಮಾವಶಿ. ಅಡಗಿ ಒಲಿ ಮ್ಯಾಲೆ ಐತಿ."

ಪೆಟ್ಟಿಗೆಯ ಬಾಗಿಲು ತೆಗೆದಾಗ ನೇರಳೆ ಬಣ್ಣ ಬಂದಿತ್ತು. ಶುದ್ಧ ಫಿಲ್ಯಾಂಥಿನ್ನಿನ ಸಾಲಿನಲ್ಲಿ ಒಂದು ದಟ್ಟ ಚುಕ್ಕೆ. ಅಷ್ಟೇ ಎತ್ತರದಲ್ಲಿ ಹೊಟ್ಟಿನ ಸಾಲಿನಲ್ಲೂ ಅಷ್ಟೇ ದಟ್ಟ ಚುಕ್ಕೆ. ವಾಪಸ್ ಬಂದ ಮಾಲಿನದೂ ಬರೀ ದಂಟಿನದೂ ಒಂದೇ ಥರ, ಇದೆಯೋ ಇಲ್ಲವೋ ಎನ್ನುವ ಹಾಗೆ.

"ನೇರಳಿಹಣ್ಣ ತಿಂದ ನಾಲಿಗಿ ಆಗೇತಿ ನೋಡ," ಎಂದಳು ಸಾವಂತ್ರವ್ವ. ಖುಷಿಗೆ ಅವಳ ದನಿ ಏರಿತ್ತು.

ಮುಗ್ಧಾ ಕುರ್ಚಿಗೆ ಒರಗಿದಳು. "ಸತ್ವ ಇರೂದು ಎಲಿಯೊಳಗ, ದಂಟಿನ್ಯಾಗ ಭಾಳ ಕಮ್ಮಿ ಅಂತ ನಾನೂ ಓದೀನ್ರಿ. ಆದ್ರ ಚುಕ್ಕಿ ಮಂದ ಬಂತು ಅಂದ ಕೂಡ್ಲೆ ಬ್ಯಾರೆ ಗಿಡಾ ಬೆರಸ್ಯಾರ ಅಂತ ಬರದೆ. ಎಲಿ ಎಲ್ಲಿ ಹೋತು ಅಂತ ಕೇಳಲೇ ಇಲ್ಲ."

"ನೀ ಮೊರಾ ಹಿಡದಿಲ್ಲ, ಅದಕ್ಕ ನಿನಗ ಹೊಳೀಲಿಲ್ಲ. ನಾ ಮೊರಾ ಭಾಳ ಹಿಡದೀನಿ, ಅದಕ್ಕ ನನಗ ಹೊಳೀಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಸಾಹೇಬರು ಹಿಂದಿನ ಕಾಗದ ರದ್ದು ಮಾಡಿ ಹೊಸದು ಬರೆಸಿದರು: ಮಾಲಿನಲ್ಲಿ ಮಿಶ್ರಣ ಇಲ್ಲ, ಖರೀದಿ ಮುಂದುವರಿಯುತ್ತದೆ. ಕ್ಷಮಿಸಿ ಎಂಬ ಮೂರಕ್ಷರಕ್ಕೆ ಆ ಹಾಳೆಯಲ್ಲಿ ಜಾಗ ಸಿಗಲಿಲ್ಲ. ಹಾಳೆಯ ಮುಕ್ಕಾಲು ಭಾಗ ಖಾಲಿಯೇ ಇತ್ತು! ಕೃಷ್ಣಾಜಿ ಮಾತ್ರ ಸೋಮವಾರ ಬೆಳಗ್ಗೆ ತಾವೇ ಸ್ಕೂಟರ್ ಹೊಡೆದುಕೊಂಡು ಸಿದ್ದಪ್ಪನ ಮನೆಗೆ ಹೋಗಿ, "ಹೊರಿ ತಾರೋ ಮಾರಾಯಾ," ಎಂದು ಕೈ ಹಿಡಿದರು. ಸಿದ್ದಪ್ಪ ಅವರ ಕನ್ನಡಕ ಕಿತ್ತುಕೊಂಡು ತಾನು ಹಾಕಿಕೊಂಡು, "ಮಾಲಕ್ರ, ಕಣ್ಣ ಮಂದ ಆಗಿದ್ದು ಯಾರದು?" ಎಂದನಂತೆ. ಆ ಮಾತನ್ನು ಈ ಒಂದು ವರ್ಷದಲ್ಲಿ ಆತ ಎಷ್ಟು ಜನಕ್ಕೆ ಹೇಳಿದ್ದಾನೋ ಲೆಕ್ಕವಿಲ್ಲ.

ಒಂಬತ್ತರಲ್ಲಿ ಏಳು ಚೀಲ ಉಳಿಯಲಿಲ್ಲ ಎನ್ನುವುದನ್ನೂ ಬರೆಯಬೇಕು. ಉಳಿದ ನಾಲ್ಕು ಮನೆಗಳಲ್ಲಿ ಹೊಟ್ಟು ಆಗಲೇ ಕೆಂಡದ ಪಾಲಾಗಿತ್ತು. ಸಾವಂತ್ರವ್ವನ ಮನೆಯಲ್ಲಿದ್ದುದನ್ನು ಮರಳಿ ಬೆರೆಸಿ ಎರಡು ಚೀಲ ಸರಿಯಾದವು. ಏಳು ಚೀಲ ದಂಟು ಯಾರಿಗೂ ಬೇಡವಾಗಿ, ಕೊನೆಗೆ ಅದೂ ಕೊಟ್ಟಿಗೆಗಳಿಗೇ ಹೋಯಿತು. "ಹೋದ ವರ್ಸ ನಮ್ಮೂರ ಎಮ್ಮಿಗೋಳು ಬೆಳಗಾವಿ ಸಾಹುಕಾರ್ರಿಗಿಂತ ತುಟ್ಟಿ ಹೊಗಿ ಕುಡದಾವ," ಎಂದು ಐವರೂ ಹೆಂಗಸರು ಈಗ ಬಿದ್ದು ಬಿದ್ದು ನಗುತ್ತಾರೆ.

ಈ ವರ್ಷ ಶೆಡ್ಡಿನ ಪದ್ಧತಿ ಬದಲಾಗಿದೆ. ಗಿಡದ ಬೇರಿನ ಮಣ್ಣನ್ನು ಹಸಿ ಇದ್ದಾಗಲೇ ತೊಳೆಯುತ್ತಾರೆ. ಒಣಗಿಸುವುದು ನೆರಳಿನಲ್ಲಿ, ಹಾಸಿದ ಹಳೆಯ ಸೀರೆಗಳ ಮೇಲೆ. ಉದುರಿದ ಎಲೆಯನ್ನು ಸೀರೆ ಸಮೇತ ಎತ್ತಿ ಬೇರೆ ಅರಿವೆಯ ಚೀಲದಲ್ಲಿ ತುಂಬಿ, ಅದನ್ನು ದೊಡ್ಡ ಚೀಲದೊಳಗಿಡುತ್ತಾರೆ. ಸಾವಂತ್ರವ್ವ ಈಗ ಎರಡಕ್ಕೂ ಒಂದೊಂದು ಕೆಂಪು ಗಂಟು ಹಾಕುತ್ತಾಳೆ. ಈ ಮಳೆಗಾಲದಲ್ಲಿ ಇದುವರೆಗೆ ನಲವತ್ತಮೂರು ಚೀಲ ಹೋಗಿವೆ. ಒಂದೂ ತಿರುಗಿ ಬಂದಿಲ್ಲ. ಮುಗ್ಧಾ ತಿಂಗಳಿಗೊಮ್ಮೆ ಸ್ಕೂಟಿಯಲ್ಲಿ ಶೆಡ್ಡಿಗೆ ಬಂದು ಹೆಂಗಸರ ನಡುವೆ ಕುಳಿತು ಗಿಡದ ಬೆನ್ನು ತಿರುವುತ್ತಾಳೆ. "ಹತ್ತರಾಗ ಎರಡ ತಪ್ಪ ಹೇಳ್ತಾಳ," ಎನ್ನುತ್ತಾಳೆ ಸಾವಂತ್ರವ್ವ. "ಹೋದ ತಿಂಗಳ ನಾಕ ಹೇಳತಿದ್ಲು. ಕಲೀತಾಳ, ಹುಡುಗಿ ಚುರುಕ ಐತಿ."

ಆ ತಗಡನ್ನು ಮುಗ್ಧಾ ಆಕೆಗೇ ಕೊಟ್ಟಿದ್ದಳು. ಹಲಸಿಯ ಮನೆಯಲ್ಲಿ ದೇವರ ಮಾಡಿನ ಪಕ್ಕ ಅದು ಇನ್ನೂ ಇದೆ. ನೇರಳೆ ಬಣ್ಣ ಎಂದೋ ಮಾಸಿ ಕಂದು ಕಲೆ ಉಳಿದಿದೆ. ಒರೆಸಿಡಲೇ ಎಂದು ಮನಿಷಾ ಕೇಳಿದರೆ ಗದರುತ್ತಾಳೆ.

ಬಿಸಿಲು ಏರಿದೆ. ಬದುವಿನ ಮೇಲಿನ ಗಿಡಗಳು ಎಲೆ ಬಿಚ್ಚಿವೆ. ಸಿದ್ದಪ್ಪ ಹೊರೆ ಎತ್ತಿ, "ಪೇಪರಿನ್ಯಾಗ ಫೋಟೋ ಬರ್ತೈತಿ ಅಂತ, ತಲಿಗೆ ಎಣ್ಣಿ ಹಚ್ಕೋಬೇ!" ಎಂದು ರೇಗಿಸುತ್ತ ರಸ್ತೆಯ ಕಡೆ ಹೊರಟಿದ್ದಾನೆ. ಎಂಟರ ಬಸ್ಸಿಗೆ ಇನ್ನು ಹತ್ತೇ ನಿಮಿಷ. ಹೆಸರಿನ ಜೊತೆ ಏನೆಂದು ಬರೆಯಬೇಕು, ಗಿಡ ಗುರುತಿಸುವುದರಲ್ಲಿ ಪಂಡಿತೆ ಎಂದು ಬರೆಯಬಹುದೇ ಎಂದು ಕೇಳಿದರೆ, ಸಾವಂತ್ರವ್ವ ಕಾಲಿನ ಕೆಸರು ಹುಲ್ಲಿಗೆ ಒರೆಸುತ್ತ ತಲೆ ಅಲ್ಲಾಡಿಸುತ್ತಾಳೆ.

"ಹಂಗೇನ ಬ್ಯಾಡ್ರಿ. ಒಂ‌ಬತ್ತ ಚೀಲ ಔಷಧ ಕೇರಿ ಹಾರಿಸಿದಾಕಿ ಅಂತ ಬರೀರಿ. ನನ್ನಂಗ ಯಾವಾಕಿಯರ ಎಲ್ಲ್ಯರ ಇದ ಗಿಡಾ ಹಸನ ಮಾಡಾಕ ಕುಂತಿರ್ತಾಳ. ಓದಿ ಹೇಳೂ ಸೊಸಿ ಆಕಿಗೂ ಒಬ್ಬಾಕಿ ಇದ್ರ, ಕೇಳಿ ಮೊರಾ ಕೆಳಗ ಇಡ್ತಾಳ."